ಉಗುಳು ನುಂಗಲು ಬಾರದ ದಿನ

ಜುಲೈ ತಿಂಗಳ ಒಂದು ಸಂಜೆ ಬೆಳಗಾವಿ ಪಕ್ಕದ ಕಾಕತಿಯ ಯಾವುದಾದರೂ ಔಷಧದಂಗಡಿಯ ಮುಂದೆ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಉಗುಳ ನುಂಗಾಕ ಬರವಲ್ದರಿ, ಏನರ ಗುಳಿಗಿ ಕೊಡ್ರಿ." ಪಕ್ಕದಲ್ಲಿ ನಿಂತ ಇನ್ನೊಬ್ಬರು ಅದನ್ನೇ ಮರಾಠಿಯಲ್ಲಿ "ಘಸಾ ಧರಲಾಯ್, ಗೋಳಿ ದ್ಯಾ" ಎನ್ನುತ್ತಾರೆ. ಭಾಷೆ ಎರಡು, ಬ್ಯಾನಿ ಒಂದೇ. ಹಲವು ಸಲ ಇಬ್ಬರಿಗೂ ಸಿಗುವ ಗುಳಿಗೆಯೂ ಒಂದೇ. ನನ್ನ ಚಿಂತೆ ಶುರುವಾಗುವುದು ಅಲ್ಲಿಂದ. ಇಬ್ಬರ ಗಂಟಲೂ ನೋಯುತ್ತಿರುವುದು ನಿಜ, ಆದರೆ ಇಬ್ಬರಿಗೂ ಆಗಿರುವುದು ಒಂದೇ ಕಾಯಿಲೆ ಎನ್ನುವಂತಿಲ್ಲ. ಒಬ್ಬರದು ನಾಲ್ಕು ದಿನ ಬಿಸಿನೀರು ಕುಡಿದರೆ ಹೋಗುವ ನೆಗಡಿ ಇರಬಹುದು, ಇನ್ನೊಬ್ಬರದು ಮುಂದೆ ಹೃದಯಕ್ಕೆ ಕೈಹಾಕುವ ಸೋಂಕಿರಬಹುದು. ಮೊದಲನೆಯವರಿಗೆ ಬೇಡದ ಔಷಧ ಸಿಗುತ್ತದೆ, ಎರಡನೆಯವರಿಗೆ ಬೇಕಾದದ್ದು ಬೇಕಾದಷ್ಟು ದಿನ ಸಿಗುವುದಿಲ್ಲ. ಗಂಟಲು ನೋವಿನ ಕಾರಣಗಳನ್ನು ಒಂದು ಸುತ್ತು ಹಾಕಿ ನೋಡಬೇಕು ಎನಿಸಿದ್ದು ಇದರಿಂದಲೇ.

ಗಂಟಲು ಉಸಿರಿನ ದಾರಿಯೂ ಹೌದು, ಅನ್ನದ ದಾರಿಯೂ ಹೌದು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಮ್ಮ ಕಾಕತಿಯಂತೆ, ಯಾವುದು ಎಲ್ಲಿಗೆ ಹೋಗಬೇಕಿದ್ದರೂ ಇಲ್ಲಿಂದಲೇ ಹಾಯಬೇಕು. ಗಾಳಿಯಲ್ಲಿ ಬಂದ ವೈರಸ್ಸು, ಒಲೆಯ ಹೊಗೆ, ತಂಬಾಕಿನ ಘಾಟು, ಕೆಳಗಿನಿಂದ ಏರಿಬರುವ ಹೊಟ್ಟೆಯ ಹುಳಿ, ಎಲ್ಲವೂ ಮೊದಲು ತಟ್ಟುವುದು ಆ ತೆಳು ಕೆಂಪು ಪದರಿಗೆ. ಅದಕ್ಕೆ ಗೊತ್ತಿರುವ ಉತ್ತರಗಳು ಕೆಲವೇ: ಕೆಂಪಾಗುವುದು, ಬಾಯುವುದು, ಕೆರೆಯುವುದು, ನೋಯುವುದು. ಕಾರಣ ಹತ್ತಾದರೂ ದೂರು ಒಂದೇ ಆಗಿ ಕೇಳುವುದು ಅದಕ್ಕೇ. ಹೀಗಾಗಿ ಅನುಭವಿ ವೈದ್ಯರು ಗಂಟಲನ್ನು ನೋಡುವುದಕ್ಕಿಂತ ಮುಂಚೆ ಅದರ ಜೊತೆಗೆ ಏನೇನು ಬಂದಿದೆ ಎಂದು ಕೇಳುತ್ತಾರೆ. ಮೂಗು ಸೋರುತ್ತಿದೆಯೇ? ಕೆಮ್ಮಿದೆಯೇ? ಜ್ವರ ಎಷ್ಟು ದಿನದಿಂದ? ಕೊರಳಲ್ಲಿ ಗಂಟು ಕೈಗೆ ಸಿಗುತ್ತದೆಯೇ? ಕೆಲಸ ಏನು?

ಎಲ್ಲಕ್ಕಿಂತ ದೊಡ್ಡ ಪಾಲು ವೈರಸ್ಸಿನದು. ನೆಗಡಿಯ ರೈನೊವೈರಸ್, ಫ್ಲೂ, ಅಡಿನೊವೈರಸ್, ಈಗ ಕೊರೊನಾ ಕುಟುಂಬದ ಹೊಸ ಸದಸ್ಯರೂ ಇದರಲ್ಲಿದ್ದಾರೆ. 2022ರ ಆರಂಭದಲ್ಲಿ ಒಮಿಕ್ರಾನ್ ಹಬ್ಬಿದಾಗ ವಾಸನೆ ಹೋಗುವುದಕ್ಕಿಂತ ಗಂಟಲು ಕೆರೆತವೇ ಅದರ ಗುರುತಾಗಿದ್ದು ಅನೇಕರಿಗೆ ನೆನಪಿರಬಹುದು. ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಮಲಪ್ರಭೆ ಹುಟ್ಟುವ ಆ ಸೆರಗಿನಲ್ಲಿ ಬಟ್ಟೆ ಒಣಗುವುದಿಲ್ಲ, ಕಿಟಕಿ ತೆರೆಯುವುದಿಲ್ಲ, ಮನೆಮಂದಿಯೆಲ್ಲ ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಳ್ಳುತ್ತಾರೆ. ಮಳೆಯಲ್ಲಿ ನೆನೆದದ್ದೇ ಕಾರಣ ಎಂದು ನಾವು ಹೇಳುತ್ತೇವೆ. ನೀರು ವೈರಸ್ಸನ್ನು ತರುವುದಿಲ್ಲ, ಹತ್ತಿರ ಹತ್ತಿರ ಕೂತ ಉಸಿರು ತರುತ್ತದೆ. ಶಾಲೆಯಿಂದ ಒಂದು ಮಗು ಹೊತ್ತು ತಂದದ್ದು ಮೂರನೆಯ ದಿನಕ್ಕೆ ಅಜ್ಜನ ಗಂಟಲಿಗೆ ಇಳಿದಿರುತ್ತದೆ. ಭಾರತದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲೊಮ್ಮೆ, ಚಳಿಗಾಲ ಕಳೆಯುವ ಹೊತ್ತಿಗೆ ಇನ್ನೊಮ್ಮೆ. ಬೆಳಗಾವಿಯ ಮಂದಿಗೆ ಈ ಎರಡೂ ಹಂಗಾಮುಗಳು ಚೆನ್ನಾಗಿ ಗೊತ್ತು.

ವೈರಸ್ಸಿನ ಗಂಟಲು ನೋವಿಗೆ ಜೊತೆಗಾರರು ಬಹಳ. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ಕಣ್ಣು ಕೆಂಪಾಗುತ್ತದೆ, ದನಿ ಕೂರುತ್ತದೆ. ಇವು ಇದ್ದಷ್ಟೂ ಪ್ರತಿಜೀವಕದ ಅಗತ್ಯ ದೂರ. ಔಷಧವಿಲ್ಲದೆಯೇ ಮೂರನೆಯ ದಿನಕ್ಕೆ ಹತ್ತರಲ್ಲಿ ನಾಲ್ಕು ಜನರಿಗೆ, ವಾರದೊಳಗೆ ಎಂಟು ಜನರಿಗೆ ಗಂಟಲು ಸರಿಹೋಗುತ್ತದೆ ಎಂಬುದು ಸಾವಿರಾರು ರೋಗಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡ ಲೆಕ್ಕ. ಪ್ರತಿಜೀವಕ ಕೊಟ್ಟರೆ ನೋವು ಕಡಿಮೆಯಾಗುವುದು ಸರಾಸರಿ 16 ತಾಸು ಬೇಗ. ಅಷ್ಟಕ್ಕಾಗಿ ಹೊಟ್ಟೆ ಕೆಡಿಸಿಕೊಂಡು, ಮುಂದೊಂದು ದಿನ ನಿಜವಾಗಿ ಬೇಕಾದಾಗ ಆ ಔಷಧ ಕೆಲಸ ಮಾಡದಂತೆ ಮಾಡಿಕೊಳ್ಳುತ್ತೇವೆ. ಹದಿಹರೆಯದವರಲ್ಲಿ ಎಪ್ಸ್ಟೈನ್–ಬಾರ್ ವೈರಸ್ಸಿನ ಜ್ವರ ಬಂದಾಗ ಟಾನ್ಸಿಲ್ ಬಿಳಿ ಕಟ್ಟಿ, ಕೊರಳ ಗಂಟು ಊದಿ, ಬ್ಯಾಕ್ಟೀರಿಯಾದ ಸೋಂಕಿನಂತೆಯೇ ಕಾಣುತ್ತದೆ. ಆಗ ಅಮಾಕ್ಸಿಸಿಲಿನ್ ನುಂಗಿದರೆ ಮೈತುಂಬ ಕೆಂಪು ಗಂದೆ ಏಳುವುದುಂಟು. ಅಂದಾಜಿನ ಗುಳಿಗೆ ಎಷ್ಟು ದಾರಿ ತಪ್ಪಿಸಬಹುದು ಎನ್ನುವುದಕ್ಕೆ ಇದೊಂದು ಗುರುತು.

ಈಗ ಅಲಕ್ಷ್ಯ ಮಾಡಬಾರದ ಸೋಂಕಿಗೆ ಬರುತ್ತೇನೆ. ಅದರ ಹೆಸರು ಗುಂಪು 'ಎ' ಸ್ಟ್ರೆಪ್ಟೊಕಾಕಸ್. ಮಕ್ಕಳ ಗಂಟಲು ನೋವಿನಲ್ಲಿ ಸುಮಾರು ಕಾಲು ಭಾಗ, ದೊಡ್ಡವರಲ್ಲಿ ಹತ್ತಕ್ಕೊಂದು ಈ ಬ್ಯಾಕ್ಟೀರಿಯಾದಿಂದ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಇದು ಹೆಚ್ಚು. ಇದು ಬರುವ ರೀತಿಯೇ ಬೇರೆ. ಬೆಳಿಗ್ಗೆ ಆಡುತ್ತಿದ್ದ ಮಗುವಿಗೆ ಸಂಜೆ ಜ್ವರ ಏರುತ್ತದೆ, ನುಂಗಲು ಬರುವುದಿಲ್ಲ, ಟಾನ್ಸಿಲ್ ಕೆಂಪಾಗಿ ಮೇಲೆ ಕೀವಿನ ಚುಕ್ಕೆ ಕಾಣುತ್ತವೆ, ದವಡೆಯ ಕೆಳಗಿನ ಗಂಟು ಮುಟ್ಟಿದರೆ ನೋಯುತ್ತದೆ. ಕೆಮ್ಮು, ನೆಗಡಿ ಮಾತ್ರ ಇರುವುದಿಲ್ಲ. ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ಇಂಥ ನಾಲ್ಕು ಗುರುತುಗಳನ್ನು ಎಣಿಸುವ ಸರಳ ದಾರಿ ತೋರಿಸಿದರು: ಜ್ವರ, ಟಾನ್ಸಿಲ್ ಮೇಲೆ ಬಿಳಿ, ಮುಂಗೊರಳಿನ ನೋಯುವ ಗಂಟು, ಕೆಮ್ಮಿಲ್ಲದಿರುವುದು. ಒಂದೂ ಇಲ್ಲದಿದ್ದರೆ ಅಥವಾ ಒಂದೇ ಇದ್ದರೆ ಸ್ಟ್ರೆಪ್ ಇರುವ ಸಂಭವ ಕಡಿಮೆ. ಮೂರು ನಾಲ್ಕು ಸೇರಿದರೆ ಗಂಟಲಿನ ದ್ರವದ ಪರೀಕ್ಷೆಗೆ ಅಥವಾ ಔಷಧಕ್ಕೆ ಕಾರಣವಿದೆ. ಪ್ರಯೋಗಾಲಯ ದೂರವಿರುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಈ ಎಣಿಕೆ ಎಷ್ಟು ಆಸರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೆಮ್ಮು ಇಲ್ಲದಿರುವುದೂ ಒಂದು ಲಕ್ಷಣ ಎನ್ನುವ ಮಾತು ಪ್ರತಿ ತಾಯಿಗೂ ಗೊತ್ತಿರಬೇಕು ಎಂದು ನನಗೆ ಅನಿಸುತ್ತದೆ.

ಸ್ಟ್ರೆಪ್ಪನ್ನು ಔಷಧ ಕೊಟ್ಟು ತೆಗೆಯಬೇಕಾದದ್ದು ಗಂಟಲಿಗಾಗಿ ಮಾತ್ರ ಅಲ್ಲ. ಗಂಟಲು ನೋವು ಹೋಗಿ ಎರಡು ಮೂರು ವಾರ ಕಳೆದು, ಎಲ್ಲರೂ ಮರೆತ ಮೇಲೆ, ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಮೊದಲು ಮೊಣಕಾಲು ಊದುತ್ತದೆ, ಅದು ಇಳಿಯುವಾಗ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ, ಹೀಗೆ ನೋವು ಜಾಗ ಬದಲಿಸುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ಕಾವಲುಪಡೆ ತನ್ನದೇ ಅಂಗಾಂಶವನ್ನು ವೈರಿಯೆಂದು ತಿಳಿದು ಹೊಡೆಯುವ ಪರಿ ಇದು. ಕೀಲು ಸರಿಹೋಗುತ್ತದೆ. ಹೃದಯದ ಕವಾಟ ಸರಿಹೋಗದೆ ಉಳಿಯಬಹುದು. ಹತ್ತು ಹದಿನೈದು ವರ್ಷದ ನಂತರ, ಮದುವೆಯಾಗಿ ಬಸುರಾದ ಹೆಣ್ಣುಮಗಳು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟಾಗ, ಅವಳ ಮೈಟ್ರಲ್ ಕವಾಟ ಕಿರಿದಾಗಿದೆ ಎಂದು ಮೊದಲ ಸಲ ಗೊತ್ತಾಗುವುದುಂಟು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಕುಟುಂಬದ ಔಷಧ ಆರಂಭಿಸಿದರೆ ಈ ಜ್ವರವನ್ನು ತಡೆಯಬಹುದು. ಗುಳಿಗೆಯಾದರೆ ಹತ್ತು ದಿನ. ಮೂರನೆಯ ದಿನಕ್ಕೆ ನೋವು ಹೋಯಿತೆಂದು ಉಳಿದದ್ದನ್ನು ಮಾಡದಲ್ಲಿ ಇಟ್ಟರೆ ಪ್ರಯೋಜನವಿಲ್ಲ. ರುಮ್ಯಾಟಿಕ್ ಜ್ವರ ಒಮ್ಮೆ ಬಂದವರು ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಾಥಿನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಹತ್ತು ದಿನದ ಗುಳಿಗೆಗೂ ಹತ್ತು ವರ್ಷದ ಸೂಜಿಗೂ ಇರುವ ಅಂತರವನ್ನು ನೋಡಿ. ಫ್ಲೆಮಿಂಗ್ 1928ರಲ್ಲಿ ಕಂಡ ಪೆನಿಸಿಲಿನ್ನಿಗೆ ಗುಂಪು 'ಎ' ಸ್ಟ್ರೆಪ್ ಇಂದಿಗೂ ಬಗ್ಗುತ್ತದೆ. ಕೌಂಟರಿನಲ್ಲಿ ಸುಲಭವಾಗಿ ಸಿಗುವ ಅಜಿತ್ರೋಮೈಸಿನ್ನಿನ ಬಗ್ಗೆ ಅಷ್ಟು ಭರವಸೆಯಿಂದ ಹೇಳುವಂತಿಲ್ಲ, ಅದನ್ನು ತಡೆದುಕೊಳ್ಳುವ ತಳಿಗಳು ಬಂದಿವೆ.

ನಮ್ಮ ಹಿರಿಯರಿಗೆ ಇದಕ್ಕಿಂತ ಭಯ ಹುಟ್ಟಿಸಿದ್ದು ಗಂಟಲಮಾರಿ. ಡಿಫ್ತೀರಿಯಾಕ್ಕೆ ಕನ್ನಡ ಕೊಟ್ಟ ಈ ಹೆಸರಿನಲ್ಲೇ ಮಾರಿಯ ಭಯವಿದೆ. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟುತ್ತದೆ. ಸ್ಟ್ರೆಪ್ಪಿನ ಬಿಳಿಯಂತೆ ಅದು ಒರೆಸಿದರೆ ಹೋಗುವುದಿಲ್ಲ, ಕಿತ್ತರೆ ರಕ್ತ ಬರುತ್ತದೆ. ಕೊರಳು ಎತ್ತಿನ ಕೊರಳಿನಂತೆ ಊದುತ್ತದೆ. ಪೊರೆ ಉಸಿರಿನ ದಾರಿ ಮುಚ್ಚಬಹುದು, ಬ್ಯಾಕ್ಟೀರಿಯಾದ ವಿಷ ರಕ್ತದಲ್ಲಿ ಹರಿದು ಹೃದಯವನ್ನೂ ನರಗಳನ್ನೂ ಹಿಡಿಯಬಹುದು. ಜ್ವರ ಅಷ್ಟಾಗಿ ಇರುವುದಿಲ್ಲ ಎಂಬುದೇ ಮೋಸ. 1890ರಲ್ಲಿ ಬೆರಿಂಗ್ ಮತ್ತು ಕಿಟಾಸಾಟೊ ತೋರಿಸಿಕೊಟ್ಟ ಪ್ರತಿವಿಷ ಇವತ್ತಿಗೂ ಮುಖ್ಯ ಚಿಕಿತ್ಸೆ, ಅದನ್ನು ಕೊಡುವುದು ಒಂದು ದಿನ ತಡವಾದರೂ ಅಪಾಯ ಏರುತ್ತದೆ. ಇದೆಲ್ಲ ಹಳೆಯ ಕಥೆ ಎಂದುಕೊಂಡವರಿಗೆ ಹೇಳಬೇಕಾದ ಮಾತು: 2018ರಲ್ಲಿ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಡಿಫ್ತೀರಿಯಾ ಪ್ರಕರಣಗಳು ವರದಿಯಾದವು, ಜಗತ್ತಿನ ಒಟ್ಟು ಲೆಕ್ಕದಲ್ಲಿ ದೊಡ್ಡ ಪಾಲು ನಮ್ಮದಾಗಿತ್ತು. ಉತ್ತರ ಕರ್ನಾಟಕಕ್ಕೂ ಈ ರೋಗ ಅಪರಿಚಿತವಲ್ಲ.

ಈ ರೋಗವನ್ನು ತಡೆಯಲು ಕೂಸಿಗೆ ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಹಾಕುವ ಲಸಿಕೆಯನ್ನು ನಮ್ಮ ಜನ ತಪ್ಪಿಸುವುದು ಈಗ ಕಡಿಮೆ. ತಪ್ಪುವುದು ಮುಂದಿನ ಸುತ್ತುಗಳು: ಒಂದೂವರೆ ವರ್ಷದ್ದು, ಐದರದ್ದು, ಹತ್ತರದ್ದು, ಹದಿನಾರರದ್ದು. ಲಸಿಕೆಯ ಬಲ ವರ್ಷ ಕಳೆದಂತೆ ಕರಗುವುದರಿಂದ ಗಂಟಲಮಾರಿ ಈಗ ಎಳೆಗೂಸುಗಳನ್ನು ಬಿಟ್ಟು ಶಾಲೆಯ ಮಕ್ಕಳ ಕಡೆ ತಿರುಗಿದೆ. ಇಲ್ಲಿ ನನ್ನ ಮನಸ್ಸು ಖಾನಾಪುರದ ಇಟ್ಟಂಗಿ ಭಟ್ಟಿಗಳ ಕಡೆಗೂ, ಹಂಗಾಮಿನಲ್ಲಿ ಹೊಲದ ಬದುವಿಗೆ ಗುಡಿಸಲು ಹಾಕುವ ಕಬ್ಬು ಕಡಿಯುವ ಗ್ಯಾಂಗುಗಳ ಕಡೆಗೂ ಹೋಗುತ್ತದೆ. ಊರು ಬಿಟ್ಟು ಆರು ತಿಂಗಳು ಅಲೆಯುವ ಕುಟುಂಬದ ಮಗುವಿನ ಲಸಿಕೆಯ ಕಾರ್ಡು ಊರಿನ ಟ್ರಂಕಿನಲ್ಲಿ ಉಳಿದಿರುತ್ತದೆ, ಮಗು ಇಲ್ಲಿರುತ್ತದೆ. 2014ರ ಕೊನೆಯಲ್ಲಿ ಆರಂಭವಾದ ಇಂದ್ರಧನುಷ್ ಲಸಿಕಾ ಅಭಿಯಾನ ಇಟ್ಟಂಗಿ ಭಟ್ಟಿ, ಕಟ್ಟಡ ಕೆಲಸದ ಜಾಗ, ಅಲೆಮಾರಿ ತಾಣಗಳನ್ನು ಹುಡುಕಿ ಹೋಗಬೇಕೆಂದದ್ದು ಸರಿಯಾದ ದಾರಿ. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದು ಜನ ವಾಯುವಿಹಾರಕ್ಕೆ ಹೋಗುವ ವ್ಯಾಕ್ಸಿನ್ ಡಿಪೋ ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. ಆ ರೋಗ 1980ಕ್ಕೆ ಭೂಮಿಯಿಂದಲೇ ಹೋಯಿತು. ಹೆಸರಿನಲ್ಲೇ ಲಸಿಕೆ ಉಳಿಸಿಕೊಂಡ ಊರಿನಲ್ಲಿ ಒಂದು ಮಗುವೂ ಗಂಟಲಮಾರಿಗೆ ಹೋಗಬಾರದು.

ಸೋಂಕಿಲ್ಲದೆಯೂ ಗಂಟಲು ನೋಯುತ್ತದೆ. ನಮ್ಮ ಭಾಗದಲ್ಲಿ ಈ ಬಗೆಯದು ಸಣ್ಣ ಪಾಲಲ್ಲ. ಕಾಕತಿಯ ಸುತ್ತ ಹೆದ್ದಾರಿಯ ಧೂಳಿದೆ, ಹೊನಗಾದ ಕೈಗಾರಿಕೆಗಳಿವೆ, ಮಾರ್ಕಂಡೇಯ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುತ್ತಾರೆ. ಚಳಿಗಾಲದ ಸಂಜೆ ಆ ಹೊಗೆ ಮೇಲೇರದೆ ಊರ ಮೇಲೆಯೇ ಹಾಸಿಕೊಂಡು ನಿಲ್ಲುತ್ತದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಅಚ್ಚಿನ ಉಸುಕಿನ ಸಣ್ಣ ಧೂಳಿದೆ. ಕಟ್ಟಿಗೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತ ಅವ್ವನ ಗಂಟಲಿಗೆ ಬೆಳಗಿನ ಹೊತ್ತು ಹಿಡಿಯುವ ಕೆರೆತಕ್ಕೆ ಯಾವ ಗುಳಿಗೆಯೂ ಉತ್ತರವಲ್ಲ, ಹೊಗೆ ಹೋಗುವ ಗವಾಕ್ಷಿ ಉತ್ತರ. ಗುರುತಿಸುವುದು ಕಷ್ಟವೇನಲ್ಲ: ಜ್ವರ ಇರುವುದಿಲ್ಲ, ಕೆಲಸಕ್ಕೆ ರಜೆ ಇದ್ದ ದಿನ ಗಂಟಲು ಹಗುರವಾಗಿರುತ್ತದೆ. ಮೂಗು ಕಟ್ಟಿ ರಾತ್ರಿಯಿಡೀ ಬಾಯಿಯಿಂದ ಉಸಿರಾಡುವವರಿಗೂ ಬೆಳಿಗ್ಗೆ ಗಂಟಲು ಒಣಗಿ ನೋಯುತ್ತದೆ, ನೀರು ಕುಡಿದು ಅರ್ಧ ತಾಸಿಗೆ ಹೋಗುತ್ತದೆ.

ದನಿಯನ್ನು ದುಡಿಸಿ ಬರುವ ನೋವು ಇನ್ನೊಂದು. ನವೆಂಬರ್ ಒಂದರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ರಾತ್ರಿಯಿಡೀ ಘೋಷಣೆ ಕೂಗಿದ ಹುಡುಗರ ಗಂಟಲು ಮರುದಿನ ಹೇಗಿರುತ್ತದೆಂದು ಬೆಳಗಾವಿಯವರಿಗೆ ಹೇಳಿಕೊಡಬೇಕಿಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಉಧೋ ಉಧೋ ಎಂದು ಕೂಗುತ್ತ ಹಾರುವ ಭಂಡಾರವನ್ನು ಉಸಿರಾಡಿ ಬಂದವರದ್ದೂ ಹಾಗೆಯೇ. ಅರವತ್ತು ಮಕ್ಕಳ ತರಗತಿಯಲ್ಲಿ ಲಾರಿಗಳ ಸದ್ದಿನ ಮೇಲೆ ದನಿ ಏರಿಸಿ ಪಾಠ ಹೇಳುವ ಶಿಕ್ಷಕಿಗೆ ಇದು ವರ್ಷವಿಡೀ ಇರುವ ಬಾಧೆ. ಇದಕ್ಕೆ ಮದ್ದು ಮೌನ. ಪಿಸುಮಾತೂ ಬೇಡ, ಅದರಿಂದ ಗಂಟಲಿಗೆ ದಣಿವು ತಪ್ಪುವುದಿಲ್ಲ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯ ಹಿಡಿದಾಗ ಹಾಡುವುದನ್ನೇ ನಿಲ್ಲಿಸಿ ದೇವಾಸದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಮತ್ತೆ ಹಾಡಿಗೆ ಮರಳಿದರು. ಅವರ ರೋಗ ಇದ್ದದ್ದು ಪುಪ್ಪುಸದಲ್ಲಿ, ಗಂಟಲಿನಲ್ಲಲ್ಲ. ಆದರೂ ದನಿಗೆ ವಿಶ್ರಾಂತಿ ಎಂದಾಗಲೆಲ್ಲ ನನಗೆ ಅವರದೇ ನೆನಪು.

ಹೊಟ್ಟೆಯ ಹುಳಿ ಮೇಲೇರಿ ಗಂಟಲು ಸುಡುವುದನ್ನು ಬಹಳ ಜನ ಸೋಂಕೆಂದೇ ತಿಳಿಯುತ್ತಾರೆ. ರಾತ್ರಿ ಹತ್ತಕ್ಕೆ ರೊಟ್ಟಿ, ರಂಜಕ, ಮೇಲೆ ಒಂದು ಕಪ್ ಚಹಾ, ಕೂಡಲೇ ಹಾಸಿಗೆ. ಮಲಗಿದಾಗ ಆಮ್ಲ ಸರಾಗವಾಗಿ ಏರುತ್ತದೆ. ಎದೆಯುರಿ ಇಲ್ಲದೆಯೂ ಇದು ಆಗಬಹುದು: ಬೆಳಿಗ್ಗೆ ದನಿ ಒಡೆದಿರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಮತ್ತೆ ಮತ್ತೆ ಖಾಕರಿಸಬೇಕೆನಿಸುತ್ತದೆ. ಊಟಕ್ಕೂ ನಿದ್ದೆಗೂ ಮೂರು ತಾಸು ಬಿಟ್ಟು, ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತರಿಸಿದರೆ ಅನೇಕರಿಗೆ ಫರಕು ಕಾಣುತ್ತದೆ.

ತಂಬಾಕಿನ ಮಾತು ಬಂದಾಗ ನಮ್ಮ ಜಿಲ್ಲೆ ತಲೆ ತಗ್ಗಿಸಬೇಕು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮಲ್ಲೇ ಇದೆ, ಸುಣ್ಣ ತಿಕ್ಕಿ ತುಟಿಯ ಹಿಂದೆ ಇಡುವ ರೂಢಿಯೂ ನಮ್ಮಲ್ಲೇ ಇದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೂ ಅಡಕೆ ಬೇರೆ, ತಂಬಾಕು ಬೇರೆ ಪಾಕೀಟಿನಲ್ಲಿ ಬಂದು ಅಂಗೈಯಲ್ಲಿ ಒಂದಾಗುತ್ತವೆ. ತಂಬಾಕು ತಿನ್ನುವ ಅಥವಾ ಸೇದುವ ನಲವತ್ತು ದಾಟಿದವರಿಗೆ ಗಂಟಲಿನ ಒಂದೇ ಕಡೆ ನೋವು ಮೂರು ವಾರ ಕಳೆದರೂ ನಿಲ್ಲದಿದ್ದರೆ, ಅದೇ ಕಡೆಯ ಕಿವಿಗೆ ಹರಿದರೆ, ದನಿ ಬದಲಾದರೆ, ಕೊರಳಲ್ಲಿ ನೋಯದ ಗಂಟು ಬಂದರೆ, ತೂಕ ಇಳಿದರೆ, ಅವರು ಕಷಾಯ ಕುಡಿಯುತ್ತ ಕೂರಬಾರದು, ಅದು ಕ್ಯಾನ್ಸರ್ ಇರಬಹುದು. ಬೆಳಗಾವಿಯಲ್ಲಿ 1963ರಿಂದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇದೆ, 2005ರಿಂದ ಸರ್ಕಾರದ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ. ಕಿವಿ ಮೂಗು ಗಂಟಲಿನ ತಜ್ಞರು ಕಾಕತಿಯಿಂದ ಅರ್ಧ ತಾಸಿನ ದಾರಿಯಲ್ಲಿದ್ದಾರೆ. ಆರಂಭದಲ್ಲೇ ಸಿಕ್ಕ ಗಂಟಲು ಕ್ಯಾನ್ಸರು ಗುಣವಾಗುವ ರೋಗ.

ಔಷಧಗಳೇ ಕಾರಣವಾಗುವುದನ್ನೂ ಹೇಳಬೇಕು. ದಮ್ಮಿಗೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರ ಗಂಟಲಲ್ಲಿ ಬಿಳಿ ಬೂಷ್ಟು ಬೆಳೆಯುತ್ತದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೂ ಅದೇ. ರಕ್ತದೊತ್ತಡದ ಎನಾಲಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಗಂಟಲು ಕೆರೆತ, ಒಣ ಕೆಮ್ಮು ತರುತ್ತವೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ. ಅವರಿಗೆ ಜ್ವರ, ಗಂಟಲು ನೋವು ಒಟ್ಟಿಗೆ ಬಂದರೆ ರಕ್ತದ ಬಿಳಿಕಣ ಕುಸಿದಿರಬಹುದು. ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಮನೆಮದ್ದಿನ ಬಗ್ಗೆ ನನಗೆ ಗೌರವವಿದೆ. ನಮ್ಮ ಆಯಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಲು ಕೊಡುತ್ತಿದ್ದಳು, ಇವತ್ತಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಅರಿಷಿಣ ಹಾಕಿದ ಹಾಲು, ಮೆಣಸು ಶುಂಠಿಯ ಕಷಾಯ, ಜ್ಯೇಷ್ಠಮಧುವಿನ ಚೂರು ಗಂಟಲಿಗೆ ಹಿತ. ಜ್ಯೇಷ್ಠಮಧು ಬಹಳ ದಿನ ತಿಂದರೆ ರಕ್ತದೊತ್ತಡ ಏರುತ್ತದೆ, ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೊಸರು, ಪೇರಲ, ಬಾರಿಹಣ್ಣು, ಐಸ್ಕ್ರೀಮು ತಿಂದದ್ದರಿಂದ ಗಂಟಲು ಹಿಡಿಯಿತೆಂದು ಮಕ್ಕಳನ್ನು ಬೈಯುತ್ತೇವೆ. ತಂಪು ಸೋಂಕನ್ನು ಹುಟ್ಟಿಸುವುದಿಲ್ಲ. ನುಂಗಲಾರದ ಮಗುವಿಗೆ ತಣ್ಣನೆಯ ಒಂದು ಚಮಚ ನೋವನ್ನು ಇಳಿಸಲೂಬಹುದು. ಕಿರುನಾಲಿಗೆ ಬಿದ್ದಿದೆ ಎಂದು ಬಾಯಲ್ಲಿ ಬೆರಳು ಹಾಕಿ ಎತ್ತುವ ರೂಢಿ ಮಾತ್ರ ನಿಲ್ಲಬೇಕು. ಗಂಟಲು ಬಾತಾಗ ಕಿರುನಾಲಿಗೆಯೂ ಬಾತು ಜೋತಂತೆ ಕಾಣುತ್ತದೆ, ಬಾವು ಇಳಿದರೆ ಅದು ತಾನೇ ಏರುತ್ತದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರಿಗೆ ಅನ್ನದ ಉಂಡೆ ನುಂಗಿಸುವುದೂ ಬೇಡ, ಮುಳ್ಳು ಇನ್ನೂ ಆಳಕ್ಕೆ ನಾಟಬಹುದು.

ಪ್ರತಿಜೀವಕದ ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಕೊಳ್ಳಬೇಡಿ ಎಂದು ಅದರ ಅರ್ಥ, 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಪ್ರಚಾರಕ್ಕೆ ತಂದಿತು. ಆ ಗೆರೆಯನ್ನು ಓದಲು ಅಕ್ಷರ ಬೇಕಿಲ್ಲ, ಕನ್ನಡ ಮರಾಠಿ ಎಂಬ ಭೇದವೂ ಇಲ್ಲ. ಅಂಗಡಿಯವರು ಗುಳಿಗೆ ಕತ್ತರಿಸುವ ಮುನ್ನ "ಕೆಮ್ಮ ಐತೇನವ್ವಾ? ಎಷ್ಟ ದಿನಾ ಆತು?" ಎಂದು ಕೇಳಿ, ಬೇಕಿದ್ದವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದರೆ ಅರ್ಧ ಕೆಲಸ ಆದಂತೆ.

ಮನೆಯಲ್ಲಿ ಮಗುವಿನ ಗಂಟಲು ನೋಡುವುದಿದ್ದರೆ ಕಿಟಕಿಯ ಕಡೆ ಮುಖ ಮಾಡಿಸಿ, ಮೊಬೈಲಿನ ಬೆಳಕು ಹಾಯಿಸಿ, "ಆ" ಅನ್ನಿಸಿ. ಬರೀ ಕೆಂಪಾಗಿದ್ದು ಮೂಗೂ ಸೋರುತ್ತಿದ್ದರೆ ಕಾಯಬಹುದು. ಬಿಳಿ ಚುಕ್ಕೆ, ಜ್ವರ ಇದ್ದು ಕೆಮ್ಮಿಲ್ಲದಿದ್ದರೆ ಮರುದಿನದೊಳಗೆ ವೈದ್ಯರಲ್ಲಿಗೆ ಹೋಗಿ. ಬೂದು ಪೊರೆ ಕಂಡರೆ ಅದೇ ತಾಸಿಗೆ ದೊಡ್ಡ ಆಸ್ಪತ್ರೆಗೆ ಹೊರಡಿ, ಲಸಿಕೆಯ ಕಾರ್ಡು ಕೈಯಲ್ಲಿರಲಿ. ಬಾಯಿ ಪೂರ್ತಿ ತೆರೆಯಲಾಗದೆ, ಒಂದು ಕಡೆ ಊದಿ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮಾತಾಡುವವರಿಗೆ ಟಾನ್ಸಿಲ್ ಪಕ್ಕ ಕೀವು ತುಂಬಿರಬಹುದು. ಮಗು ಮುಂದಕ್ಕೆ ಬಾಗಿ ಕೂತು, ಜೊಲ್ಲು ಸುರಿಸುತ್ತ, ಉಸಿರೆಳೆಯುವಾಗ ಗೊರಗೊರ ಸದ್ದು ಮಾಡುತ್ತಿದ್ದರೆ ಬಾಯಿ ತೆರೆಸಿ ನೋಡಲೇಬೇಡಿ, ಮಲಗಿಸಲೂಬೇಡಿ. ಅದು ಕೂತಂತೆಯೇ ತೊಡೆಯ ಮೇಲಿಟ್ಟುಕೊಂಡು 108ಕ್ಕೆ ಕರೆ ಮಾಡಿ.